ಲಾಂಗ್ ಪಿಂಪಲ್ಸ್ ಮೋಸದ ರಬ್ಬರಾ? ಡಿಫೆಂಡರ್ ಬ್ಯಾಟಿನ ಹಿಂದಿರೋ ಕಥೆ

ಮಡಿಕೇರಿಯಿಂದ ಮಾತಾಡ್ತಿದ್ದೀನಿ. ಹೊರಗೆ ಮಳೆ ಇದೆ, ಹಿಂದೆ ತಗಡಿನ ಸದ್ದು ಕೇಳಿಸಿದ್ರೆ ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ.

ಕೊಡಗಿನಲ್ಲಿ ಕೂತು ಟೇಬಲ್ ಟೆನಿಸ್ ಬಗ್ಗೆ ಮಾತಾಡೋದೇ ಒಂಥರಾ ಅಲ್ಪಸಂಖ್ಯಾತರ ಕೆಲಸ. ಇಲ್ಲಿ ಆಟ ಅಂದ್ರೆ ಹಾಕಿ. ಆದರೂ ಕಳೆದ ಸಂಚಿಕೆ ಆದ ಮೇಲೆ ಪಿಯುಸಿ ಓದ್ತಿರೋ ಒಬ್ಬ ಕೇಳುಗರು ವಾಯ್ಸ್ ನೋಟ್ ಕಳಿಸಿದ್ರು. ಪ್ರಶ್ನೆ ಇಷ್ಟೇ: "ನಂಗೆ ಹಿಂದೆ ನಿಂತು ಚಾಪ್ ಮಾಡೋದು ಇಷ್ಟ. ಬ್ಯಾಕ್‌ಹ್ಯಾಂಡ್‌ಗೆ ಲಾಂಗ್ ಪಿಂಪಲ್ಸ್ ಹಾಕ್ಬೇಕು ಅಂತಿದ್ದೀನಿ. ಸೀನಿಯರ್ಸ್ ಅದು ಮೋಸದ ರಬ್ಬರ್, ಆಟ ಬರದೇ ಇರೋರು ಹಾಕ್ಕೊಳ್ಳೋದು ಅಂತಾರೆ. ಒಂದೇ ಸಲ ದುಡ್ಡು ಸಿಗೋದು. ಯಾವ ರಬ್ಬರ್ ತಗೊಳ್ಳಲಿ?"

ರಬ್ಬರ್ ಹೆಸರು ಹೇಳಿ ಎರಡು ನಿಮಿಷದಲ್ಲಿ ಮುಗಿಸಬಹುದಿತ್ತು. ಆದ್ರೆ ಆ "ಮೋಸ" ಅನ್ನೋ ಪದ ಇದೆಯಲ್ಲ, ಅದನ್ನ ಹಾಗೇ ಬಿಟ್ಟು ಮುಂದೆ ಹೋಗೋಕೆ ಆಗಲಿಲ್ಲ. ಯಾಕಂದ್ರೆ ಇತಿಹಾಸ ತೆಗೆದು ನೋಡಿದ್ರೆ ವಿಷಯ ಪೂರ್ತಿ ಉಲ್ಟಾ ಇದೆ. ಪಿಂಪಲ್ ರಬ್ಬರೇ ಈ ಆಟದ ಹಳೇ ಮನೆಯವರು. ಇವತ್ತು ಎಲ್ಲರ ಬ್ಯಾಟಲ್ಲಿ ಇರೋ ನಯವಾದ ಪ್ಲೇನ್ ರಬ್ಬರ್ ಆಮೇಲೆ ಬಂದ ನೆಂಟರು.

ಮೊದಲು ಗೊತ್ತಿಲ್ಲದವರಿಗೆ ಒಂದು ಮಾತು. ಬ್ಯಾಟಿನ ಮರಕ್ಕೆ ಬ್ಲೇಡ್ ಅಂತಾರೆ, ಅದರ ಎರಡೂ ಕಡೆ ರಬ್ಬರ್ ಶೀಟ್ ಅಂಟಿಸ್ತಾರೆ. ಶೀಟಿನ ಒಂದು ಮುಖ ನಯ, ಇನ್ನೊಂದು ಮುಖದಲ್ಲಿ ಸಣ್ಣ ಸಣ್ಣ ಮೊಳಕೆ ಥರ ಎದ್ದಿರೋ ಪಿಂಪಲ್ಸ್. ನಯವಾದ ಮುಖ ಹೊರಗೆ ಬಂದ್ರೆ ಪ್ಲೇನ್, ಪಿಂಪಲ್ಸ್ ಹೊರಗೆ ಬಂದ್ರೆ ಪಿಂಪಲ್ ರಬ್ಬರ್. ಪಿಂಪಲ್ಸ್ ಗಿಡ್ಡ ಇದ್ರೆ ಶಾರ್ಟ್, ಉದ್ದ ಮತ್ತು ಸಪೂರ ಇದ್ರೆ ಲಾಂಗ್. ಶೀಟಿನ ಕೆಳಗೆ ಸ್ಪಂಜ್ ಇರಬಹುದು, ಇಲ್ಲದೆಯೂ ಇರಬಹುದು.

ಅಂದಹಾಗೆ, ರಬ್ಬರ್ ನಮಗೆ ದೂರದ ವಸ್ತು ಏನಲ್ಲ. ಮಡಿಕೇರಿಯಿಂದ ಮಂಗಳೂರು ಕಡೆ ಘಾಟಿ ಇಳೀರಿ. ಕಾಫಿ ತೋಟ ಮುಗಿದು, ಸೆಕೆ ಶುರುವಾಗಿ, ಸಂಪಾಜೆ ಹತ್ತಿರ ಬರ್ತಿದ್ದ ಹಾಗೆ ಮರದ ಎದೆಗೆ ಚಿಪ್ಪು ಕಟ್ಟಿರೋ ರಬ್ಬರ್ ತೋಟ ಕಾಣ್ತವೆ. ಇನ್ನೂ ಕೆಳಗೆ ಸುಳ್ಯದಲ್ಲಿ ರಾಜ್ಯ ಅರಣ್ಯ ಅಭಿವೃದ್ಧಿ ನಿಗಮದ ದೊಡ್ಡ ರಬ್ಬರ್ ತೋಟಗಳಿವೆ. 1964ರ ಶಾಸ್ತ್ರಿ–ಸಿರಿಮಾವೋ ಒಪ್ಪಂದದ ನಂತರ ಶ್ರೀಲಂಕಾದಿಂದ ವಾಪಸ್ ಬಂದ ತಮಿಳು ಕುಟುಂಬಗಳಿಗೆ ಅಲ್ಲಿ ಕೆಲಸ, ಮನೆ ಕೊಟ್ರು. ಅವರ ಮಕ್ಕಳು, ಮೊಮ್ಮಕ್ಕಳು ಇವತ್ತಿಗೂ ಅಲ್ಲಿದ್ದಾರೆ. ಅದು ಬೇರೆಯೇ ಒಂದು ಸಂಚಿಕೆ ಆಗೋವಷ್ಟು ದೊಡ್ಡ ಕಥೆ, ಇವತ್ತು ಬೇಡ.

ಈಗ ಟೇಬಲ್‌ಗೆ ಬರೋಣ. 1920, 30ರ ದಶಕದಲ್ಲಿ ವಿಶ್ವ ಚಾಂಪಿಯನ್‌ಗಳ ಕೈಯಲ್ಲಿ ಇದ್ದದ್ದು ಒಂದೇ ಥರದ ಬ್ಯಾಟ್: ಮರದ ಮೇಲೆ ಗಿಡ್ಡ ಪಿಂಪಲ್ಸ್ ಇರೋ ತೆಳು ರಬ್ಬರ್. ಸ್ಪಂಜ್ ಇಲ್ಲ. ಸ್ಪಿನ್ ಕಮ್ಮಿ, ಸ್ಪೀಡ್ ಕಮ್ಮಿ. ಹೊಡೆದವನಿಗಿಂತ ತಡೆದವನೇ ರಾಜ. ಇದು ಎಷ್ಟರ ಮಟ್ಟಿಗೆ ಹೋಯ್ತು ಅಂದ್ರೆ, 1936ರ ಪ್ರಾಗ್ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಪೋಲೆಂಡಿನ ಅಲೋಜಿ ಎರ್ಲಿಚ್ ಮತ್ತು ರೊಮೇನಿಯಾದ ಪಾನೆತ್ ಫರ್ಕಾಸ್ ನಡುವಿನ ಮ್ಯಾಚಲ್ಲಿ ಮೊದಲ ಒಂದೇ ಒಂದು ಪಾಯಿಂಟ್ ಎರಡು ಗಂಟೆಗೂ ಹೆಚ್ಚು ಹೊತ್ತು ನಡೀತು. ಒಂದು ಪಾಯಿಂಟ್! ಇಲ್ಲಿಂದ ಬಸ್ ಹತ್ತಿದವರು ಅಷ್ಟು ಹೊತ್ತಿಗೆ ಮೈಸೂರಿನ ಹತ್ತಿರ ಇರ್ತಾರೆ. ಮುಂದಿನ ವರ್ಷ ಆಸ್ಟ್ರಿಯಾದ ಬಾಡೆನ್‌ನಲ್ಲಿ ಮಹಿಳೆಯರ ಫೈನಲ್ ಟೈಮ್ ಲಿಮಿಟ್ ಒಳಗೆ ಮುಗೀಲೇ ಇಲ್ಲ ಅಂತ ರೂತ್ ಆರನ್ಸ್, ಟ್ರೂಡಿ ಪ್ರಿಟ್ಜಿ ಇಬ್ಬರಿಗೂ ಪಟ್ಟ ಕೊಡದೆ ಕಳಿಸಿದ್ರು.

ಸಂಘಟಕರಿಗೆ ತಲೆ ಕೆಟ್ಟಿತು. ಪ್ರೇಕ್ಷಕರು ಎದ್ದು ಹೋಗ್ತಿದ್ದಾರೆ. ಹಾಗಾಗಿ ನೆಟ್ ಎತ್ತರವನ್ನ 6¾ ಇಂಚಿನಿಂದ 6 ಇಂಚಿಗೆ ಇಳಿಸಿದ್ರು, ಹೊಡೆಯೋರಿಗೆ ಸುಲಭ ಆಗ್ಲಿ ಅಂತ. ಆಟ ಎಳೆಯೋರಿಗೆ ಕಡಿವಾಣ ಹಾಕೋ ನಿಯಮ ಬಂತು. ಇವತ್ತಿನ ರೂಪದಲ್ಲಿ ಅದು ಹೀಗಿದೆ: ಒಂದು ಗೇಮ್ 10 ನಿಮಿಷ ದಾಟಿದ್ರೂ ಇಬ್ಬರದ್ದೂ ಸೇರಿ 18 ಪಾಯಿಂಟ್ ಆಗಿಲ್ಲ ಅಂದ್ರೆ ಎಕ್ಸ್‌ಪಿಡೈಟ್ ಶುರು. ಆಮೇಲೆ ಸರ್ವ್ ಸ್ವೀಕರಿಸಿದವರು 13 ಸಲ ಬಾಲ್ ವಾಪಸ್ ಕಳಿಸಿದ್ರೆ ಪಾಯಿಂಟ್ ಅವರಿಗೇ. ಡಿಫೆಂಡರ್ ವಿರುದ್ಧ ಬರೆದ ನಿಯಮಗಳ ಸಾಲು ಇಲ್ಲಿಂದ ಶುರು ಆಗತ್ತೆ. ಸಾಲು ಇನ್ನೂ ಉದ್ದ ಇದೆ.

ಅದರ ಮುಂದಿನ ತಿರುವು ಆಗಿದ್ದು ನಮ್ಮ ದೇಶದಲ್ಲೇ. ನನಗೆ ಈ ಪೂರ್ತಿ ಇತಿಹಾಸದಲ್ಲಿ ಅತ್ಯಂತ ಇಷ್ಟವಾದ ಭಾಗ ಇದು.

1952ರ ಫೆಬ್ರವರಿ, ಬಾಂಬೆ. ಏಷ್ಯಾದಲ್ಲೇ ಮೊದಲ ಸಲ ವಿಶ್ವ ಟೇಬಲ್ ಟೆನಿಸ್ ಚಾಂಪಿಯನ್‌ಶಿಪ್. ಯುರೋಪಿನ ದೊಡ್ಡ ಹೆಸರುಗಳೆಲ್ಲ ಬಂದಿದ್ದಾರೆ. ನಾಲ್ಕು ಸಲ ಸಿಂಗಲ್ಸ್ ಗೆದ್ದಿದ್ದ ರಿಚರ್ಡ್ ಬರ್ಗ್‌ಮನ್ ಕಾಲ ಅದು, ಡಿಫೆನ್ಸ್ ಅಂದ್ರೆ ಬರ್ಗ್‌ಮನ್ ಅನ್ನೋ ಕಾಲ. ಜಪಾನ್‌ಗೆ ಅದು ಮೊದಲ ವಿಶ್ವ ಚಾಂಪಿಯನ್‌ಶಿಪ್. ಆ ತಂಡದಲ್ಲಿ ಕನ್ನಡಕ ಹಾಕ್ಕೊಂಡಿದ್ದ, ಸಣಕಲು ಮೈಯ ಒಬ್ಬ ಆಟಗಾರ ಇದ್ದ. ಹೆಸರು ಹಿರೋಜಿ ಸಾಟೋ. ಅವನ ಬ್ಯಾಟಿನ ಮೇಲೆ ದಪ್ಪ ಸ್ಪಂಜ್.

ಪಿಂಪಲ್ ರಬ್ಬರ್‌ಗೆ ಬಾಲ್ ತಾಗಿದ್ರೆ ಟಕ್ ಅಂತ ಸದ್ದು ಬರತ್ತೆ. ಆ ಕಾಲದ ಡಿಫೆಂಡರ್‌ಗಳು ಕಣ್ಣಿನಷ್ಟೇ ಕಿವಿಯಲ್ಲೂ ಆಡ್ತಿದ್ರು. ಸದ್ದು ಕೇಳಿ ಎಷ್ಟು ಜೋರಾಗಿ ಬರ್ತಿದೆ ಅಂತ ಅಂದಾಜು ಮಾಡಿ ಹಿಂದೆ ಸರೀತಿದ್ರು. ಸಾಟೋ ಬ್ಯಾಟಿನಿಂದ ಸದ್ದೇ ಇಲ್ಲ. ಮೆತ್ತಗೆ ಒಳಗೆ ಹೋಗೋ ಬಾಲ್ ಕವಣೆಯಿಂದ ಬಿಟ್ಟ ಹಾಗೆ ಹೊರಗೆ ಬರ್ತಿತ್ತು. ಯುರೋಪಿನವರಿಗೆ ಏನಾಗ್ತಿದೆ ಅಂತ ಅರ್ಥ ಆಗೋದ್ರೊಳಗೆ ಸಾಟೋ ಫೈನಲ್‌ನಲ್ಲಿ ಹಂಗೆರಿಯ ಜೋಸೆಫ್ ಕೋಸಿಯಾನ್‌ರನ್ನ ಸೋಲಿಸಿ ಚಾಂಪಿಯನ್ ಆದ.

ಈಗ ಗಮನಿಸಿ. ಆವತ್ತು ಬಾಂಬೆಯಲ್ಲಿ "ಇದು ಮೋಸ" ಅಂತ ಗೊಣಗಿದ್ದು ಯಾರು? ಪಿಂಪಲ್ಸ್ ಹಾಕಿದ್ದವರು. ಯಾರ ಬಗ್ಗೆ? ಸ್ಪಂಜ್ ಹಾಕಿದ್ದವನ ಬಗ್ಗೆ. ಇವತ್ತು ನಮ್ಮ ಕ್ಲಬ್ಬಲ್ಲಿ ಸ್ಪಂಜ್ ಹಾಕಿದವರು ಪಿಂಪಲ್ಸ್ ಹಾಕಿದವರಿಗೆ ಅದೇ ಮಾತು ಅಂತಾರೆ. ಪದ ಅದೇ, ಹೇಳೋರು ಮಾತ್ರ ಬದಲಾಗಿದ್ದಾರೆ.

ಮುಂದಿನ ಕೆಲವು ವರ್ಷ ದೊಡ್ಡ ಗಲಾಟೆ. ಸ್ಪಂಜ್ ಪೂರ್ತಿ ನಿಷೇಧಿಸಬೇಕು ಅಂತ ಒಂದು ಗುಂಪು, ಹೊಸದನ್ನ ಬಿಡಬೇಕು ಅಂತ ಇನ್ನೊಂದು. 1959ರಲ್ಲಿ ಅಂತರರಾಷ್ಟ್ರೀಯ ಫೆಡರೇಷನ್ ನಡುದಾರಿ ಹಿಡೀತು. ಬರೀ ಸ್ಪಂಜ್ ಇರೋ ಬ್ಯಾಟ್ ಬೇಡ. ಸ್ಪಂಜ್ ಬೇಕಿದ್ರೆ ಮೇಲೆ ರಬ್ಬರ್ ಶೀಟ್ ಇರಲೇಬೇಕು, ಎರಡೂ ಅಂಟೂ ಸೇರಿ 4 ಮಿ.ಮೀ. ದಾಟಬಾರದು. ಸ್ಪಂಜ್ ಇಲ್ಲದ ಪಿಂಪಲ್ಸ್ ಆದ್ರೆ 2 ಮಿ.ಮೀ. ಮಿತಿ. ನೀವು ಇವತ್ತು ಆನ್‌ಲೈನಲ್ಲಿ ಆರ್ಡರ್ ಮಾಡೋ ಪ್ರತಿ ರಬ್ಬರ್ ಈ 1959ರ ರಾಜಿ ಸೂತ್ರದ ಒಳಗೇ ಇದೆ. ಸಾಟೋನ ಬ್ಯಾಟ್ ಇವತ್ತು ಯಾವ ಟೂರ್ನಮೆಂಟ್‌ನಲ್ಲೂ ನಡೆಯಲ್ಲ.

ಕೊಡಗಿನವರಿಗೆ ಇದು ಎಲ್ಲೋ ಕೇಳಿದ ಕಥೆ ಅನಿಸಬಹುದು. ಹಾಕಿಯಲ್ಲಿ ಇದೇ ಆಯ್ತಲ್ವಾ? 1972ರ ಮ್ಯೂನಿಕ್‌ನಲ್ಲಿ ಹುಲ್ಲಿನ ಮೇಲೆ ಆಡಿ ಭಾರತ ಕಂಚು ತಂತು, ನಮ್ಮ ಎಂ.ಪಿ. ಗಣೇಶ್ ಆ ತಂಡದಲ್ಲಿದ್ರು. 1976ರ ಮಾಂಟ್ರಿಯಲ್‌ಗೆ ಕೃತಕ ಟರ್ಫ್ ಬಂತು, ಭಾರತ ಏಳನೇ ಸ್ಥಾನಕ್ಕೆ ಬಿತ್ತು. ಆಟಗಾರರ ಕೈಚಳಕ ನಾಲ್ಕು ವರ್ಷದಲ್ಲಿ ಮಾಯ ಆಗಲಿಲ್ಲ, ಕಾಲ ಕೆಳಗಿನ ನೆಲ ಬದಲಾಯ್ತು. ಟೇಬಲ್ ಟೆನಿಸ್‌ನಲ್ಲಿ ಆ ನೆಲ ಅಂದ್ರೆ ಬ್ಯಾಟಿನ ಮೇಲಿನ ಈ 4 ಮಿಲಿಮೀಟರ್. 1952ರ ಆಮೇಲೆ ಪುರುಷರ ಸಿಂಗಲ್ಸ್ ವಿಶ್ವ ಪಟ್ಟ ಒಬ್ಬ ಚಾಪರ್‌ಗೂ ಸಿಕ್ಕಿಲ್ಲ.

ಹಾಗಾದ್ರೆ ಡಿಫೆಂಡರ್ ಸತ್ತೇ ಹೋದ್ರಾ? ಇಲ್ಲ. ಅವರನ್ನ ಉಳಿಸಿದ್ದು ಚೀನಾ, ಉಳಿಸಿದ ಆಯುಧ ಲಾಂಗ್ ಪಿಂಪಲ್ಸ್.

1960ರ ದಶಕದ ಶುರುವಿನಲ್ಲಿ ಜಾಂಗ್ ಷೀಲಿನ್ ಅನ್ನೋ ಚೀನೀ ಆಟಗಾರ ಉದ್ದ ಪಿಂಪಲ್ಸ್ ಹಾಕಿಕೊಂಡು ಜಪಾನಿನ ಟಾಪ್‌ಸ್ಪಿನ್ ದಾಳಿಗೆ ಉತ್ತರ ಕೊಟ್ಟರು. ಅದು ಹೇಗೆ ಕೆಲಸ ಮಾಡತ್ತೆ ಅಂತ ಒಂದು ನಿಮಿಷ ತಗೊಂಡು ಹೇಳ್ತೀನಿ, ಯಾಕಂದ್ರೆ ಸೀನಿಯರ್ಸ್ "ಮ್ಯಾಜಿಕ್" ಅಂತ ಬೈಯೋದು ಇದನ್ನೇ.

ಎದುರಾಳಿ ಟಾಪ್‌ಸ್ಪಿನ್ ಹೊಡೆದ್ರು ಅಂದ್ಕೊಳ್ಳಿ. ಬಾಲ್ ನಿಮ್ಮ ಕಡೆ ಉರುಳೋ ಚಕ್ರದ ಥರ ತಿರುಗ್ತಾ ಬರತ್ತೆ. ಪ್ಲೇನ್ ರಬ್ಬರ್ ಅಂಟಂಟು, ಬಾಲನ್ನ ಹಿಡೀತದೆ. ಆ ತಿರುಗೋದನ್ನ ನಿಲ್ಲಿಸಿ, ತನ್ನ ಸ್ಪಿನ್ ಹಾಕಿ ವಾಪಸ್ ಕಳಿಸತ್ತೆ. ಲಾಂಗ್ ಪಿಂಪಲ್ಸ್ ಹಾಗಲ್ಲ. ಬಾಲ್ ತಾಗಿದ ತಕ್ಷಣ ಭತ್ತದ ಪೈರು ಗಾಳಿಗೆ ಬಾಗಿದ ಹಾಗೆ ಬಾಗತ್ತೆ, ಹಿಡಿಯೋಕೆ ಹೋಗಲ್ಲ. ಬಾಲ್ ತಿರುಗೋ ದಿಕ್ಕು ಹೆಚ್ಚುಕಮ್ಮಿ ಹಾಗೇ ಉಳಿಯತ್ತೆ, ಹೋಗೋ ದಿಕ್ಕು ಮಾತ್ರ ಬದಲಾಗತ್ತೆ. ನಿಮ್ಮ ಕಡೆ ಬರುವಾಗ ಟಾಪ್‌ಸ್ಪಿನ್ ಆಗಿದ್ದು ವಾಪಸ್ ಹೋಗುವಾಗ ಅದೇ ಬ್ಯಾಕ್‌ಸ್ಪಿನ್. ಅಂದ್ರೆ ಎದುರಾಳಿಯ ಸ್ಪಿನ್ ಎದುರಾಳಿಗೇ ವಾಪಸ್. ಅವರು ಜೋರಾಗಿ ಸ್ಪಿನ್ ಹಾಕಿದಷ್ಟೂ ವಾಪಸ್ ಬರೋ ಬಾಲ್ ಭಾರ.

ಮ್ಯಾಜಿಕ್ ಇಲ್ಲ ನೋಡಿ, ಬರೀ ಅಕೌಂಟಿಂಗ್. ನಾನು ಬಿಕಾಂ ಮಾಡಿದವನು, ಹಾಗಾಗಿ ನನಗೆ ಇದು ಸಾಲದ ವ್ಯವಹಾರ ಥರ ಕಾಣತ್ತೆ. ಲಾಂಗ್ ಪಿಂಪಲ್ಸ್‌ಗೆ ಸ್ವಂತ ಬಂಡವಾಳ ಇಲ್ಲ, ಎದುರಿನವರ ದುಡ್ಡಲ್ಲೇ ವ್ಯಾಪಾರ. ಇದರ ಇನ್ನೊಂದು ಮುಖ ಸೀನಿಯರ್ಸ್ ಹೇಳಲ್ಲ: ಎದುರಾಳಿ ಸ್ಪಿನ್ನೇ ಇಲ್ಲದ ಬಾಲ್ ಕೊಟ್ರೆ ನಿಮ್ಮ ಖಜಾನೆ ಖಾಲಿ. ಮೆತ್ತಗೆ ಬ್ಯಾಕ್‌ಸ್ಪಿನ್ ಪುಶ್ ಮಾಡಿದ್ರಂತೂ ನಿಮ್ಮ ರಿಟರ್ನ್ ಗಾಳಿಯಲ್ಲಿ ತೇಲ್ತಾ, ಸ್ವಲ್ಪ ಟಾಪ್‌ಸ್ಪಿನ್ ಹೊತ್ತುಕೊಂಡು ಹೋಗತ್ತೆ. ಹೊಡೀರಿ ಅಂತ ತಟ್ಟೆಯಲ್ಲಿಟ್ಟು ಕೊಟ್ಟ ಹಾಗೆ. ಮೋಸದ ರಬ್ಬರ್ ಆಗಿದ್ರೆ ಇಷ್ಟು ಸುಲಭದ ಉತ್ತರ ಇರ್ತಿರಲಿಲ್ಲ.

ನಿಜವಾದ ಕಣ್ಕಟ್ಟು ನಡೆದ ಕಾಲವೂ ಇತ್ತು, ಅದನ್ನ ಮುಚ್ಚಿಡಲ್ಲ. 1970ರ ದಶಕ, 80ರ ದಶಕದ ಶುರು. ಆಗ ಬ್ಯಾಟಿನ ಎರಡೂ ಕಡೆ ಒಂದೇ ಬಣ್ಣ ಇರಬಹುದಿತ್ತು. ಒಂದು ಕಡೆ ಅಂಟಂಟು ಪ್ಲೇನ್, ಇನ್ನೊಂದು ಕಡೆ ಲಾಂಗ್ ಪಿಂಪಲ್ಸ್ ಅಥವಾ ಆಂಟಿ-ಸ್ಪಿನ್. ಆಂಟಿ-ಸ್ಪಿನ್ ಅಂದ್ರೆ ನೋಡೋಕೆ ಪ್ಲೇನ್ ಥರಾನೇ, ಆದ್ರೆ ಹಿಡಿತವೇ ಇಲ್ಲದ ನುಣುಪು ರಬ್ಬರ್. ಆಟದ ಮಧ್ಯೆ ಬೆರಳಲ್ಲಿ ಬ್ಯಾಟ್ ತಿರುಗಿಸಿದ್ರೆ ಯಾವ ಕಡೆಯಿಂದ ಹೊಡೆದ್ರು ಅಂತ ಎದುರಾಳಿಗೆ ತಿಳಿಯೋಕೆ ದಾರಿ ಇಲ್ಲ. 1979ರಲ್ಲಿ ಗೆ ಶಿನ್‌ಆಯ್, 1981ರಲ್ಲಿ ಟೋಂಗ್ ಲಿಂಗ್ ಚಾಪ್ ಮಾಡ್ತಾ ಮಹಿಳೆಯರ ವಿಶ್ವ ಚಾಂಪಿಯನ್ ಆದ್ರು. 1981ರ ನೋವಿ ಸಾಡ್‌ನಲ್ಲಿ ಆಂಟಿ-ಸ್ಪಿನ್ ಹಿಡಿದ ಕಾಯ್ ಝೆನ್‌ಹುವಾ ಪುರುಷರ ಫೈನಲ್‌ಗೆ ಬಂದ್ರು. ಅವರು ಡಿಫೆಂಡರ್ ಅಲ್ಲ, ದಾಳಿಕೋರ, ಆದ್ರೂ ಬ್ಯಾಟ್ ಅದೇ ಜಾತಿಯದ್ದು. ಆ ಸಲ ಏಳಕ್ಕೆ ಏಳೂ ಪಟ್ಟ ಚೀನಾಕ್ಕೆ.

ಇಲ್ಲಿ ಯುರೋಪಿನವರು ಕೂಗಿದ್ದು ನ್ಯಾಯವೇ ಇತ್ತು ಅಂತ ನನ್ನ ಅಭಿಪ್ರಾಯ. ಎದುರಾಳಿಗೆ ಓದೋಕೆ ಅವಕಾಶವೇ ಇಲ್ಲದ ಆಟ ಆಟ ಅಲ್ಲ. ಮೊದಲು ಎರಡು ಕಡೆ ಬೇರೆ ಬೇರೆ ಬಣ್ಣ ಇರಬೇಕು ಅಂತಾಯ್ತು, 1986ರಿಂದ ಒಂದು ಕಡೆ ಕೆಂಪು, ಒಂದು ಕಡೆ ಕಪ್ಪು ಅಂತ ಖಾಯಂ ಆಯ್ತು. ಈಗ, ಟೋಕಿಯೋ ಒಲಿಂಪಿಕ್ಸ್ ಆದ ಮೇಲೆ 2021ರಿಂದ, ಕೆಂಪಿನ ಬದಲು ನೀಲಿ, ಹಸಿರು, ಗುಲಾಬಿ, ನೇರಳೆ ಕೂಡ ನಡೆಯತ್ತೆ, ಇನ್ನೊಂದು ಕಡೆ ಕಪ್ಪು ಇರಲೇಬೇಕು. ನಿಮ್ಮ ಬ್ಯಾಟ್ ಕೆಂಪು-ಕಪ್ಪು ಯಾಕೆ ಅಂತ ಯಾರಾದ್ರೂ ಕೇಳಿದ್ರೆ ಇದು ಉತ್ತರ. ಸ್ಟೈಲ್‌ಗೆ ಅಲ್ಲ. ಹಾಗಾಗಿ "ಮೋಸ" ಅನ್ನೋ ದೂರಿಗೆ ತೀರ್ಪು ನಲವತ್ತು ವರ್ಷದ ಹಿಂದೆಯೇ ಬಂದಿದೆ. ಕದ್ದುಮುಚ್ಚಿ ಆಡೋ ದಾರಿ ಮುಚ್ಚಿತು, ರಬ್ಬರ್ ಉಳೀತು.

ಬಣ್ಣದ ನಿಯಮ ಬಂದ ಮೇಲೂ ಕತ್ತರಿ ನಿಲ್ಲಲಿಲ್ಲ. 90ರ ದಶಕದ ಕೊನೆಗೆ ಪಿಂಪಲ್ ಎಷ್ಟು ಉದ್ದ ಇರಬಹುದು ಅನ್ನೋದಕ್ಕೆ ಮಿತಿ ಬಿಗಿಯಾಯ್ತು. ಇವತ್ತು ಪಿಂಪಲ್‌ನ ಉದ್ದ ಅದರ ಅಗಲದ 1.1 ಪಟ್ಟು ದಾಟಂಗಿಲ್ಲ. 2000ದಲ್ಲಿ ಬಾಲ್ 38ರಿಂದ 40 ಮಿ.ಮೀ. ಆಯ್ತು. 2008ರ ಜುಲೈಯಲ್ಲಿ ಘರ್ಷಣೆಯೇ ಇಲ್ಲದ, ಗಾಜಿನಂಥ ಪಿಂಪಲ್ಸ್‌ಗೆ ನಿಷೇಧ ಬಂತು. 2014ರಲ್ಲಿ ಸೆಲ್ಯುಲಾಯ್ಡ್ ಹೋಗಿ ಪ್ಲಾಸ್ಟಿಕ್ ಬಾಲ್. ಹೊಸ ಬಾಲ್‌ನಲ್ಲಿ ಸ್ಪಿನ್ ಕಮ್ಮಿ. ಎದುರಾಳಿಯ ಸ್ಪಿನ್ ಮೇಲೆ ಬದುಕೋ ಲಾಂಗ್ ಪಿಂಪಲ್ಸ್‌ಗೆ ಸಾಲ ಕೊಡೋರ ಕೈಯೇ ಬಿಗಿ ಆದ ಹಾಗೆ.

ಇಷ್ಟೆಲ್ಲ ಆದ ಮೇಲೆ ಉಳಿದಿರೋ ಡಿಫೆಂಡರ್ ಹೇಗಿದ್ದಾರೆ? ಅದಕ್ಕೆ ಒಂದೇ ಹೆಸರು ಸಾಕು: ಜೂ ಸೆ-ಹ್ಯೂಕ್, ದಕ್ಷಿಣ ಕೊರಿಯಾ. 2003ರ ಪ್ಯಾರಿಸ್ ವಿಶ್ವ ಚಾಂಪಿಯನ್‌ಶಿಪ್. ಸೆಮಿಫೈನಲ್‌ನಲ್ಲಿ ಗ್ರೀಸ್‌ನ ಕಾಲಿನಿಕೋಸ್ ಕ್ರಿಯಾಂಗಾ, ಆ ಕಾಲದ ಭಯಂಕರ ಹೊಡೆತಗಾರ. ಜೂ ಅವರನ್ನ ಸೋಲಿಸಿ ಫೈನಲ್‌ಗೆ ಹೋದ್ರು, ಅಲ್ಲಿ ಆಸ್ಟ್ರಿಯಾದ ವೆರ್ನರ್ ಶ್ಲಾಗರ್‌ಗೆ 4–2ರಲ್ಲಿ ಸೋತರು. ಯೂಟ್ಯೂಬಲ್ಲಿ ಇದೆ, ಈ ಸಂಚಿಕೆ ಮುಗಿದ ಮೇಲೆ ನೋಡಿ. ಬ್ಯಾಕ್‌ಹ್ಯಾಂಡಲ್ಲಿ ಟೇಬಲ್‌ನಿಂದ ಮೂರು ಮೀಟರ್ ಹಿಂದೆ ನಿಂತು ಚಾಪ್, ಚಾಪ್, ಚಾಪ್. ಎದುರಾಳಿ ಸ್ವಲ್ಪ ಮೆತ್ತಗೆ ಕೊಟ್ಟ ತಕ್ಷಣ ಹುಲಿ ಹಾಗೆ ಒಳಗೆ ನುಗ್ಗಿ ಫೋರ್‌ಹ್ಯಾಂಡ್ ಟಾಪ್‌ಸ್ಪಿನ್. ಮಾಡರ್ನ್ ಡಿಫೆನ್ಸ್ ಅಂದ್ರೆ ಇದೇ. ಎದುರಾಳಿ ತಪ್ಪು ಮಾಡೋವರೆಗೂ ಕಾಯೋದಲ್ಲ, ತಪ್ಪು ಮಾಡಿದ ತಕ್ಷಣ ಹೊಡೆಯೋದು.

ಅದಕ್ಕೇ ವಾಯ್ಸ್ ನೋಟ್ ಕಳಿಸಿದವರಿಗೆ ನನ್ನ ಮೊದಲ ಉತ್ತರ ಸ್ವಲ್ಪ ವಿಚಿತ್ರ ಅನಿಸಬಹುದು. ದುಡ್ಡಿನ ದೊಡ್ಡ ಪಾಲು ಪಿಂಪಲ್ಸ್‌ಗೆ ಹಾಕಬೇಡಿ. ಫೋರ್‌ಹ್ಯಾಂಡ್‌ನ ಪ್ಲೇನ್‌ಗೆ ಹಾಕಿ. 1936ರಲ್ಲಿ ಬರೀ ತಡೆದು ಗೆಲ್ಲಬಹುದಿತ್ತು. ನೆಟ್ ಇಳಿದು, ಸ್ಪಂಜ್ ಬಂದು, ಬಾಲ್ ದೊಡ್ಡದಾಗಿ, ಪ್ಲಾಸ್ಟಿಕ್ ಆದ ಮೇಲೆ ತಡೆಯೋದು ಅರ್ಧ ಕೆಲಸ. ಪಾಯಿಂಟ್ ಬರೋದು ಕೆಂಪು ಅಥವಾ ಕಪ್ಪು, ಯಾವ ಕಡೆ ಪ್ಲೇನ್ ಇದೆಯೋ ಆ ಕಡೆಯಿಂದ.

ಪ್ಲೇನ್ ಕಡೆ ತೀರಾ ಸ್ಪೀಡಿನ, ಸ್ಪ್ರಿಂಗ್ ಥರದ ದುಬಾರಿ ಶೀಟ್ ಬೇಡ. ನೀವು ಅದರಲ್ಲೂ ಚಾಪ್ ಮಾಡ್ಬೇಕು, ಬಾಲ್ ಹಾರಿ ಹೋಗತ್ತೆ. ಹಿಡಿತ ಚೆನ್ನಾಗಿರೋ, ಸ್ಪೀಡ್ ಮಧ್ಯಮ ಇರೋ ಶೀಟ್, ಸ್ಪಂಜ್ 1.7ರಿಂದ 1.9 ಮಿ.ಮೀ. ಆಸುಪಾಸು ಸಾಕು. ಡಬಲ್ ಹ್ಯಾಪಿನೆಸ್ ಹರಿಕೇನ್ 3 ಥರದ ಅಂಟು ಜಾಸ್ತಿ ಇರೋ ಚೀನೀ ಶೀಟ್‌ಗಳು ಅಗ್ಗಕ್ಕೆ ಸಿಗತ್ತೆ, ಸರ್ವ್‌ಗೂ ಚಾಪ್‌ಗೂ ಒಳ್ಳೇದು, ಆದ್ರೆ ಹೊಡೆಯೋಕೆ ನಿಮ್ಮ ತೋಳಿನ ಶಕ್ತಿ ಬೇಕು. ಜೂ ಬಳಸಿದ ಬಟರ್‌ಫ್ಲೈ ಟೆನರ್ಜಿ 64 ಬೇಕು ಅನಿಸತ್ತೆ, ನಂಗೂ ಅನಿಸಿತ್ತು. ಒಂದು ಶೀಟ್‌ಗೆ ಸಾವಿರಗಟ್ಟಲೆ ರೂಪಾಯಿ, ದಿನಾ ಆಡೋರಿಗೆ ಕೆಲವೇ ತಿಂಗಳಲ್ಲಿ ಸವೀತದೆ. ಡಿಪ್ರಿಸಿಯೇಷನ್ ಲೆಕ್ಕ ಹಾಕಿದ್ರೆ ಪಿಯುಸಿ ವಿದ್ಯಾರ್ಥಿಗೆ ಅದು ನಷ್ಟದ ಬಾಬ್ತು.

ಪಿಂಪಲ್ಸ್ ಕಡೆ ಮುಖ್ಯ ಪ್ರಶ್ನೆ ಬ್ರ್ಯಾಂಡ್ ಅಲ್ಲ, ಕೆಳಗಿನ ಸ್ಪಂಜ್ ಎಷ್ಟು ಅನ್ನೋದು. ಸ್ಪಂಜೇ ಇಲ್ಲದ ಶೀಟ್‌ಗೆ ಅಂಗಡಿಯವರು "ಓಎಕ್ಸ್" ಅಂತಾರೆ. ಅದು ಟೇಬಲ್ ಹತ್ತಿರ ನಿಂತು ಬ್ಲಾಕ್ ಮಾಡೋರಿಗೆ, ಸ್ಪಿನ್ ವಾಪಸ್ ಹೋಗೋದು ಅದರಲ್ಲಿ ಜಾಸ್ತಿ. ಟಿಬಾರ್ ಗ್ರಾಸ್ ಡಿ.ಟೆಕ್ಸ್ ಆ ಕೆಲಸಕ್ಕೆ ಹೆಸರಾದದ್ದು. ಆದ್ರೆ ಹಿಂದೆ ನಿಂತು ಚಾಪ್ ಮಾಡೋರಿಗೆ ತೆಳು ಸ್ಪಂಜ್ ಬೇಕು, ಅರ್ಧ ಮಿಲಿಮೀಟರಿಂದ ಒಂದು ಮಿಲಿಮೀಟರ್ ಸುತ್ತ. ಸ್ಪಂಜ್ ಇದ್ರೆ ಬಾಲ್ ಒಂದು ಕ್ಷಣ ಜಾಸ್ತಿ ಬ್ಯಾಟ್ ಮೇಲೆ ನಿಲ್ಲತ್ತೆ, ನೀವೂ ಸ್ವಲ್ಪ ಸ್ವಂತ ಬ್ಯಾಕ್‌ಸ್ಪಿನ್ ಸೇರಿಸಬಹುದು. ಪ್ಲಾಸ್ಟಿಕ್ ಬಾಲ್ ಕಾಲದಲ್ಲಿ ಈ ಸ್ವಂತ ಬಂಡವಾಳ ತುಂಬಾ ಮುಖ್ಯ. ಜೂ ಬಳಸಿದ ಟಿಎಸ್‌ಪಿ ಕರ್ಲ್ ಪಿ1-ಆರ್ ಈ ಜಾತಿಯ ದೊರೆ. ಟಿಎಸ್‌ಪಿ ಹೆಸರು ಈಗಿಲ್ಲ, ಅದೇ ವಂಶದ ಕರ್ಲ್ ಶೀಟ್‌ಗಳು ವಿಕ್ಟಾಸ್ ಹೆಸರಲ್ಲಿ ಬರ್ತವೆ. ಆ ಕಂಪನಿಯನ್ನ ನಡೆಸಿದವರಲ್ಲಿ ಕೋಜಿ ಮತ್ಸುಶಿತಾ ಕೂಡ ಒಬ್ಬರು, ಸ್ವತಃ ಜಪಾನಿನ ದೊಡ್ಡ ಚಾಪರ್. ಡಿಫೆಂಡರ್‌ಗಳಿಗೆ ರಬ್ಬರ್ ಮಾರಿದ್ದು ಡಿಫೆಂಡರೇ! ಆದ್ರೆ ಕರ್ಲ್ ಹೊಸಬರಿಗೆ ಸ್ವಲ್ಪ ಒರಟು. ಕಲಿಯೋ ಹಂತಕ್ಕೆ ಬಟರ್‌ಫ್ಲೈ ಫೇಂಟ್ ಲಾಂಗ್ ಸೀರೀಸ್ ಮೆತ್ತಗೆ, ಹೇಳಿದ ಮಾತು ಕೇಳತ್ತೆ. ದುಡ್ಡು ತೀರಾ ಬಿಗಿ ಇದ್ರೆ ಫ್ರೆಂಡ್‌ಶಿಪ್ 755, ದಾವೇ 388ಡಿ ಥರದ ಚೀನೀ ಶೀಟ್‌ಗಳು ಇದ್ದಾವೆ. ಅದರಲ್ಲಿ ಒಂದು ವರ್ಷ ಕಲಿತು ಆಮೇಲೆ ದೊಡ್ಡದಕ್ಕೆ ಹೋದ್ರೆ ಏನೂ ಕಳಕೊಳ್ಳಲ್ಲ.

ಸೆಕೆಂಡ್ ಹ್ಯಾಂಡ್ ತಗೊಳ್ಳೋರು ಹುಷಾರು. 2008ಕ್ಕೆ ಮುಂಚಿನ ನುಣುಪು ಪಿಂಪಲ್ಸ್ ಯಾರದ್ದೋ ಕಪಾಟಿನಿಂದ ಅಗ್ಗಕ್ಕೆ ಬರಬಹುದು. ಕ್ಲಬ್ಬಲ್ಲಿ ಎಲ್ಲರನ್ನೂ ಅಳಿಸತ್ತೆ, ಅಧಿಕೃತ ಟೂರ್ನಮೆಂಟಲ್ಲಿ ಅಂಪೈರ್ ಒಳಗೇ ಬಿಡಲ್ಲ. ಫೆಡರೇಷನ್‌ನ ವೆಬ್‌ಸೈಟಲ್ಲಿ ಒಪ್ಪಿಗೆ ಇರೋ ರಬ್ಬರ್‌ಗಳ ಪಟ್ಟಿ ಇದೆ, ಶೀಟ್ ಮೇಲೆ ಅವರ ಮುದ್ರೆ ಇರತ್ತೆ, ಎರಡನ್ನೂ ನೋಡ್ಕೊಂಡೇ ದುಡ್ಡು ಕೊಡಿ. ಪಿಂಪಲ್ಸ್‌ನ ಬಿಸಿಲಲ್ಲಿಟ್ಟು ಗಟ್ಟಿ ಮಾಡಿ ನುಣುಪು ತರ್ತೀನಿ ಅನ್ನೋ ಪಂಡಿತರು ಸಿಕ್ತಾರೆ. ಕಂಪನಿಯಿಂದ ಬಂದ ಸ್ಥಿತಿಯಲ್ಲೇ ಬಳಸಬೇಕು ಅನ್ನೋದು ನಿಯಮ. ಸೀನಿಯರ್ಸ್ ಮೋಸ ಅಂತ ಹೇಳಬೇಕಾದ್ದು ಇದಕ್ಕೆ. ಮಡಿಕೇರಿಯಲ್ಲಿ ಜೂನ್‌ನಿಂದ ಬಿಸಿಲೇ ಇಲ್ಲ ಅನ್ನೋದು ಬೇರೆ ಮಾತು.

ನಮ್ಮೂರಿನ ಬಗ್ಗೆ ಬಂದ್ರೆ, ಇಲ್ಲಿ ಮಳೆಗಾಲದ ತೇವದಲ್ಲಿ ಪ್ಲೇನ್ ರಬ್ಬರ್ ಕೈಕೊಡತ್ತೆ. ಮೇಲ್ಮೈ ಮೇಲೆ ಕಾಣದಷ್ಟು ಸಣ್ಣ ಪಸೆ ಕೂತ್ರೂ ಬಾಲ್ ಜಾರಿ ನೆಟ್‌ಗೆ ಬೀಳತ್ತೆ. ಹಿಡಿತದ ಮೇಲೆ ಅಷ್ಟಾಗಿ ನಿಂತಿಲ್ಲದ ಲಾಂಗ್ ಪಿಂಪಲ್ಸ್‌ಗೆ ಅದರ ಕಾಟ ಕಮ್ಮಿ. ಜುಲೈ ತಿಂಗಳಲ್ಲಿ ಕೊಡಗಿನ ಚಾಪರ್‌ಗೆ ಹವಾಮಾನ ಇಲಾಖೆಯದ್ದೇ ಬೆಂಬಲ. ಪ್ಲೇನ್ ಕಡೆಗೆ ಮಾತ್ರ ಪ್ಲಾಸ್ಟಿಕ್ ಹಾಳೆ ಮುಚ್ಚಿ, ಬ್ಯಾಟ್ ಕೇಸ್ ಒಳಗೆ ಇಡಿ, ಒಣ ಬಟ್ಟೆ ಜೊತೆಗಿರಲಿ.

"ಆಟ ಬರದೇ ಇರೋರು ಹಾಕ್ಕೊಳ್ಳೋದು" ಅನ್ನೋ ಮಾತಿಗೂ ಉತ್ತರ ಕೊಟ್ಟುಬಿಡ್ತೀನಿ. 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಗೇಮ್ಸ್‌ನಲ್ಲಿ ಸಿಂಗಲ್ಸ್ ಚಿನ್ನ ಗೆದ್ದ ಮನಿಕಾ ಬಾತ್ರಾ ಬ್ಯಾಕ್‌ಹ್ಯಾಂಡಲ್ಲಿ ಇರೋದು ಲಾಂಗ್ ಪಿಂಪಲ್ಸ್. ಅವರು ಚಾಪರ್ ಅಲ್ಲ, ಟೇಬಲ್ ಹತ್ತಿರವೇ ನಿಂತು ಆಡ್ತಾರೆ, ಆದ್ರೂ ರಬ್ಬರ್ ಅದೇ. 2024ರ ಫೆಬ್ರವರಿಯಲ್ಲಿ ಬೂಸಾನ್‌ನ ವಿಶ್ವ ತಂಡ ಚಾಂಪಿಯನ್‌ಶಿಪ್‌ನಲ್ಲಿ ಆಯ್ಹಿಕಾ ಮುಖರ್ಜಿ ಆಂಟಿ-ಸ್ಪಿನ್ ಹಾಕ್ಕೊಂಡು ವಿಶ್ವದ ನಂಬರ್ 1 ಸುನ್ ಯಿಂಗ್‌ಶಾ ಅವರನ್ನ 3–1ರಲ್ಲಿ ಸೋಲಿಸಿದ್ರು. ಅದೇ ದಿನ ಶಾರ್ಟ್ ಪಿಂಪಲ್ಸ್‌ನ ಶ್ರೀಜಾ ಅಕುಲಾ ವಾಂಗ್ ಯಿಡಿಯನ್ನ 3–0ರಲ್ಲಿ ಮುಗಿಸಿದ್ರು. ಭಾರತ ಕೊನೆಗೆ ಚೀನಾಕ್ಕೆ 2–3ರಲ್ಲಿ ಸೋತಿತು, ಆದ್ರೆ ಅಷ್ಟು ಹತ್ತಿರ ಹೋಗಿದ್ದು ಈ "ಬರದೇ ಇರೋರ" ರಬ್ಬರ್‌ಗಳಿಂದಲೇ. ಅದೇ ವರ್ಷ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಭಾರತದ ಮಹಿಳಾ ತಂಡ ಮೊದಲ ಸಲ ಕ್ವಾರ್ಟರ್‌ಫೈನಲ್ ತಲುಪಿತು, ಜರ್ಮನಿ ವಿರುದ್ಧ ನಮಗೆ ಸಿಕ್ಕ ಒಂದೇ ಗೆಲುವು ನಮ್ಮ ಬೆಂಗಳೂರಿನ ಅರ್ಚನಾ ಕಾಮತ್‌ರದ್ದು. ಮನಿಕಾ, ಶ್ರೀಜಾ, ಆಯ್ಹಿಕಾ ಜೊತೆ ವರ್ಷಗಟ್ಟಲೆ ಕ್ಯಾಂಪಲ್ಲಿ ಪ್ರಾಕ್ಟೀಸ್ ಮಾಡಿದವರಿಗೆ ವಿಚಿತ್ರ ರಬ್ಬರ್ ಕಂಡ್ರೆ ಭಯ ಎಲ್ಲಿರತ್ತೆ ಹೇಳಿ? ನಿಮ್ಮ ಸೀನಿಯರ್ಸ್‌ಗೂ ಇದನ್ನೇ ಹೇಳಿ: ನೀವು ಪಿಂಪಲ್ಸ್ ಹಾಕಿದ್ರೆ ಲಾಭ ಅವರಿಗೂ ಇದೆ, ಜಿಲ್ಲಾ ಮಟ್ಟದಲ್ಲಿ ಯಾವನಾದ್ರೂ ಚಾಪರ್ ಎದುರಾದಾಗ ಅವರು ಬೆವರಲ್ಲ.

ಇನ್ನು ಒಂದೇ ಒಂದು ನಿಯಮ ಹೇಳೋದು ಬಾಕಿ. ಮ್ಯಾಚ್ ಶುರುವಾಗೋ ಮುಂಚೆ ಎದುರಾಳಿಗೂ ಅಂಪೈರ್‌ಗೂ ನಿಮ್ಮ ಬ್ಯಾಟ್ ಪರೀಕ್ಷಿಸೋಕೆ ಬಿಡಬೇಕು, ಮಧ್ಯೆ ಬ್ಯಾಟ್ ಬದಲಿಸಿದ್ರೂ ಅಷ್ಟೇ. ತುಂಬಾ ಜನ ಇದನ್ನ ಶಾಸ್ತ್ರಕ್ಕೆ ಅಂತ ಅರ್ಧ ಸೆಕೆಂಡಲ್ಲಿ ಮುಗಿಸ್ತಾರೆ. ನೀವು ಹಾಗೆ ಮಾಡ್ಬೇಡಿ. ಕೈಗೆ ಕೊಡಿ. ಹೆಬ್ಬೆರಳಿಂದ ಪಿಂಪಲ್ಸ್ ಒತ್ತಿ ನೋಡ್ಲಿ, ಎಷ್ಟು ಬಾಗತ್ತೆ ಅಂತ ತಿಳ್ಕೊಳ್ಳಲಿ, ಕಪ್ಪು ಯಾವುದು ಕೆಂಪು ಯಾವುದು ಅಂತ ಮನಸಲ್ಲಿ ಬರ್ಕೊಳ್ಳಲಿ. ಆಮೇಲೆ ನೀವು ಅವರ ಬ್ಯಾಟ್ ಕೇಳಿ ತಗೊಂಡು ನೋಡಿ, ವಾಪಸ್ ಕೊಟ್ಟು ಸರ್ವ್‌ಗೆ ನಿಲ್ಲಿ.